ಫ್ಯಾನ್ ತರುವ ಮುಂಚೆ ಕೋಣೆ ಅಳೆಯಿರಿ

ಮಗಳು ಹೊಸ ಮನೆಗೆ ಫ್ಯಾನ್ ತರೋಣ ಬಾ ಎಂದು ಕರೆದಳು. ಮೊದಲು ಟೇಪು ಹಿಡಿದು ಕೋಣೆ ಅಳೆ, ಆಮೇಲೆ ಅಂಗಡಿಗೆ ಹೋಗೋಣ ಅಂದೆ.

ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ 1200 ಮಿ.ಮೀ., ಅಂದರೆ 48 ಇಂಚಿನ ಫ್ಯಾನ್ ಸರಿಯಾಗುತ್ತದೆ. ಸಣ್ಣ ಕೋಣೆಗೆ 900 ಸಾಕು. ಹಾಲ್ ಉದ್ದವಾಗಿದ್ದರೆ ಎರಡು ಹಾಕಿಸಿ. ನಮ್ಮ ಹಳೆಯ ಮನೆಯಲ್ಲಿ ದೊಡ್ಡದು ಒಂದೇ ಹಾಕಿಸಿದ್ದೆವು. ಬಂದ ನೆಂಟರೆಲ್ಲ ಕುರ್ಚಿ ಎಳೆದುಕೊಂಡು ನಡುವೆಯೇ ಕೂರುತ್ತಿದ್ದರು, ಪಾಪ.

ರೆಕ್ಕೆ ತಾರಸಿಯಿಂದ ಒಂದಡಿಯಾದರೂ ಕೆಳಗಿರಲಿ. ತೀರಾ ಅಂಟಿಕೊಂಡಿದ್ದರೆ ಫ್ಯಾನಿಗೆ ಮೇಲಿನಿಂದ ಗಾಳಿ ಸಿಗುವುದಿಲ್ಲ, ಸುಮ್ನೆ ತಿರುಗುತ್ತದೆ ಅಷ್ಟೆ. ನೆಲದಿಂದ ಎಂಟು, ಒಂಬತ್ತು ಅಡಿ ಎತ್ತರ ಚೆನ್ನ. ಹೆಂಚಿನ ಮನೆಯಾದರೆ ಉದ್ದ ರಾಡು ಬೇಕು, ಅಂಗಡಿಯಲ್ಲೇ ಕೇಳಿ ತನ್ನಿ.

ಈಗ ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟ್ ತಿನ್ನುವ ಹೊಸ ನಮೂನೆಯ ಮೋಟಾರಿನ ಫ್ಯಾನಿನ ವಿಷಯ. ಬೆಲೆ ಜಾಸ್ತಿ, ನಿಜ. ಆದರೆ ಹಳೇ ನಮೂನೆಯ ಫ್ಯಾನ್ 75 ವ್ಯಾಟ್ ತಿನ್ನುವ ಕಡೆ ಇದಕ್ಕೆ 30 ವ್ಯಾಟ್ ಸಾಕು. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿಯುತ್ತದೆ. ಮೂರು ಫ್ಯಾನಿಗೆ ಲೆಕ್ಕ ಹಾಕಿ ನೋಡಿ. ಗೃಹಜ್ಯೋತಿಯ ಮಿತಿ ದಾಟಬಾರದು ಅಂತ ಒದ್ದಾಡುವವರಿಗೆ ಇದು ಸಣ್ಣ ಮಾತಲ್ಲ. ಕರೆಂಟ್ ಹೋದಾಗ ಯುಪಿಎಸ್ ಕೂಡ ಹೆಚ್ಚು ಹೊತ್ತು ಬರುತ್ತದೆ. ಹಾಗಾಗಿ ರಾತ್ರಿಯಿಡೀ ಫ್ಯಾನ್ ಓಡುವ ಮಲಗುವ ಕೋಣೆಗೆ ಇದನ್ನೇ ಹಾಕಿಸಿ. ಅಪರೂಪಕ್ಕೆ ಹಾಕುವ ಕೋಣೆಗೆ ಸಾಮಾನ್ಯ ಫ್ಯಾನೇ ಸಾಕು, ಅಲ್ಲಿ ಹಾಕಿದ ದುಡ್ಡು ಬೇಗ ವಾಪಸ್ ಬರುವುದಿಲ್ಲ.

ಇದರ ಕಷ್ಟವೂ ಗೊತ್ತಿರಲಿ. ಸಾಮಾನ್ಯ ಫ್ಯಾನ್ ನಿಧಾನವಾದರೆ ಹೆಚ್ಚಾಗಿ ಕೆಟ್ಟಿರುವುದು ಕೆಪಾಸಿಟರ್. ಕಡಿಮೆ ದುಡ್ಡಿಗೆ ಬೀದಿ ಎಲೆಕ್ಟ್ರಿಷಿಯನ್ನೇ ಬದಲಾಯಿಸುತ್ತಾನೆ. ಬಿಎಲ್‌ಡಿಸಿಯೊಳಗೆ ಸರ್ಕ್ಯೂಟ್ ಬೋರ್ಡ್ ಇರುತ್ತದೆ, ಅದು ಹೋದರೆ ಕಂಪನಿಯವರೇ ಬರಬೇಕು. ನಿಮ್ಮ ಊರಲ್ಲಿ ಸರ್ವಿಸ್ ಇದೆಯಾ, ಬೋರ್ಡಿಗೆ ಎಷ್ಟು ವರ್ಷ ವಾರಂಟಿ ಅಂತ ಕೇಳಿಯೇ ದುಡ್ಡು ಕೊಡಿ. ಗೋಡೆಯ ಹಳೇ ರೆಗ್ಯುಲೇಟರ್ ಇದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ, ತೆಗೆಸಬೇಕಾಗುತ್ತದೆ; ವೇಗ ಬದಲಿಸುವುದು ಹೆಚ್ಚಾಗಿ ರಿಮೋಟಿನಿಂದ. ಮನೆಯಲ್ಲಿ ವಯಸ್ಸಾದವರಿದ್ದರೆ, ಸ್ವಿಚ್ ಆರಿಸಿ ಹಾಕಿದರೇ ವೇಗ ಬದಲಾಗುವಂಥದ್ದು ಹುಡುಕಿ. ನಡುರಾತ್ರಿ ಚಳಿಯಾದಾಗ ಕತ್ತಲಲ್ಲಿ ರಿಮೋಟ್ ತಡಕುವುದು ನಮ್ಮಂಥವರಿಗೆ ಬಹಳ ಕಷ್ಟ.

ಪೆಟ್ಟಿಗೆಯ ಮೇಲೆ ಸ್ಟಾರ್ ಚೀಟಿ ನೋಡಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಅದು ಕಡ್ಡಾಯ. ಸ್ಟಾರ್ ಜೊತೆಗೆ ಎಷ್ಟು ಗಾಳಿ ಕೊಡುತ್ತದೆ ಅನ್ನುವ ಸಿಎಂಎಂ ಅಂಕಿಯನ್ನೂ ಓದಿ. 1200ರ ಫ್ಯಾನಿಗೆ ಅದು 210ರ ಮೇಲಿರಲಿ. ಬಂಗಾರದ ಅಂಚು, ಕೆತ್ತನೆ ಇರುವ ರೆಕ್ಕೆ ಅಂಗಡಿಯಲ್ಲಿ ಚಂದ ಕಾಣುತ್ತದೆ. ಧೂಳು ಒರೆಸುವವರು ನೀವು, ಅಲ್ವಾ? ಕರಾವಳಿಯವರು ಕಬ್ಬಿಣದ ರೆಕ್ಕೆ ಬಿಟ್ಟು ಅಲ್ಯೂಮಿನಿಯಂನದ್ದೇ ತಗೊಳ್ಳಿ, ತುಕ್ಕಿನ ಕಾಟ ತಪ್ಪುತ್ತದೆ.

ಹಾಕಿಸುವ ದಿನ ಎದುರಿಗೇ ನಿಂತಿರಿ. ಹಳೇ ಕೊಕ್ಕೆ ತುಕ್ಕು ತಿಂದಿದೆಯಾ ನೋಡಿಸಿ. ಬೋಲ್ಟಿಗೆ ಪಿನ್ನು ಹಾಕಿ ಬಾಗಿಸಿದ್ದಾರಾ ಅಂತ ಕೇಳಿ. ಮೂರು ರೆಕ್ಕೆಗಳನ್ನು ತೂಕ ಹೊಂದಿಸಿ ಒಟ್ಟಿಗೆ ಕೊಟ್ಟಿರುತ್ತಾರೆ, ಇನ್ನೊಂದು ಫ್ಯಾನಿನ ರೆಕ್ಕೆಯ ಜೊತೆ ಬೆರೆಯಬಾರದು. ಎರಡು ಫ್ಯಾನ್ ಹಾಕಿಸುತ್ತಿದ್ದರೆ ಒಂದು ಪೆಟ್ಟಿಗೆ ಬಿಚ್ಚಿ ಕೆಲಸ ಮುಗಿದ ಮೇಲೆಯೇ ಇನ್ನೊಂದನ್ನು ಬಿಚ್ಚಿಸಿ.