ಸ್ಕೂಲ್ ಬಸ್ಸನ್ನು ಮನೆ ಮಾಡುವಾಗ ಒಳಗಿನ ಜಾಗ ಹಂಚಿದ್ದು ಹೀಗೆ

ಬಸ್ಸಿನಲ್ಲಿ ಮನೆ ಅಂದ ತಕ್ಷಣ ಎಲ್ಲರೂ ಮೊದಲು ಮಂಚ ಎಲ್ಲಿ, ಅಡುಗೆಮನೆ ಎಲ್ಲಿ ಅಂತ ಚಿತ್ರ ಬರೆಯಲು ಕೂರುತ್ತಾರೆ. ನಾನು ಶುರು ಮಾಡಿದ್ದು ಬಸ್ಸಿನ ಕೆಳಗಿನಿಂದ. ಸೀಟುಗಳನ್ನೆಲ್ಲ ಕಿತ್ತ ಮೇಲೆ ಬಸ್ಸಿನ ಕೆಳಗೆ ನುಸುಳಿ, ಡೀಸೆಲ್ ಟ್ಯಾಂಕ್ ಎಲ್ಲಿದೆ, ಚಾಸಿಯ (ಬಸ್ಸನ್ನು ಹೊತ್ತ ಕೆಳಗಿನ ಚೌಕಟ್ಟು) ಉದ್ದ ಕಬ್ಬಿಣ, ಅಡ್ಡ ಕಬ್ಬಿಣ ಎಲ್ಲೆಲ್ಲಿ ಬರುತ್ತವೆ, ಸೈಲೆನ್ಸರ್ ಪೈಪ್ ಯಾವ ಬದಿಗೆ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಸಿಂಕ್, ಬಚ್ಚಲಿನ ನೀರು ಇಳಿಯಲು ತೂತು ಕೊರೆಯಬೇಕಲ್ವಾ, ಅದು ಚಾಸಿಯ ಕಬ್ಬಿಣದ ಮೇಲೆ ಬರುವ ಹಾಗಿಲ್ಲ. ಆ ಒಂದು ಹಾಳೆಯಿಂದಲೇ ಬಚ್ಚಲಿನ ಜಾಗ ತೀರ್ಮಾನವಾಯಿತು. ಪೈಪ್ ಗಿಡ್ಡ ಇರಲಿ ಅಂತ ಅಡುಗೆ ಕಟ್ಟೆಯೂ ಅದರ ಪಕ್ಕಕ್ಕೇ ಬಂತು.

ಆಮೇಲೆ ಅಳತೆ. ದೊಡ್ಡ ಸ್ಕೂಲ್ ಬಸ್ಸಿನ ಒಳ ಅಗಲ ಸುಮಾರು 7.5 ಅಡಿ, ಅಂದರೆ 90 ಇಂಚು. ಆದರೆ ಇದು ಬರೀ ತಗಡಿನ ಅಳತೆ. ಬಿಸಿಲು, ಚಳಿ ತಡೆಯುವ ಇನ್ಸುಲೇಷನ್, ಅದರ ಮೇಲೆ ಪ್ಲೈವುಡ್ ಅಂತ ಒಂದೊಂದು ಬದಿಗೆ ಒಂದೂವರೆ ಇಂಚು ಹೋದರೂ ಉಳಿಯುವುದು 87. ಅದರಲ್ಲಿ 24 ಇಂಚಿನ ಅಡುಗೆ ಕಟ್ಟೆ, ಒಬ್ಬರು ನಿಂತು ಅಡುಗೆ ಮಾಡುತ್ತಿದ್ದರೂ ಇನ್ನೊಬ್ಬರು ಮೈ ಓರೆ ಮಾಡಿಕೊಂಡಾದರೂ ದಾಟಿ ಹೋಗಲಿ ಅಂತ 26 ಇಂಚಿನ ದಾರಿ, ಎದುರು ಬದಿಗೆ 37. ಎತ್ತರಕ್ಕೂ ಇದೇ ಲೆಕ್ಕ. ನೆಲಕ್ಕೆ ಫೋಮ್, ಪ್ಲೈವುಡ್ ಹಾಕಿದರೆ ಎರಡು ಇಂಚು ಸುಲಭವಾಗಿ ಹೋಗುತ್ತದೆ, ಮೇಲೆ ಸೂರು ಬದಿಗೆ ಬಂದಂತೆ ಬಾಗುತ್ತದೆ. ಹಾಗಾಗಿ ಎತ್ತರವನ್ನು ಬಸ್ಸಿನ ನಡುವೆ ಅಳೆದರೆ ಸಾಲದು, ಷವರ್ ಕೆಳಗೆ ತಲೆ ಬರುವ ಜಾಗದಲ್ಲೇ ಅಳೆಯಬೇಕು.

ಕಂಪ್ಯೂಟರಿನಲ್ಲಿ ಬರೆದ ನಕ್ಷೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬಸ್ಸಿನ ನೆಲದ ಮೇಲೆಯೇ ಮಾಸ್ಕಿಂಗ್ ಟೇಪ್ ಅಂಟಿಸಿ, ಕಟ್ಟೆ, ಫ್ರಿಜ್, ಸೋಫಾ ಇರುವ ಕಡೆ ಅಷ್ಟೇ ಎತ್ತರಕ್ಕೆ ರಟ್ಟಿನ ಡಬ್ಬ ಜೋಡಿಸಿದೆವು. ನಾವಿಬ್ಬರೂ ಅದರೊಳಗೆ ಸುಮ್ನೆ ಓಡಾಡಿದೆವು. ಖಾಲಿ ಪಾತ್ರೆ ಹಿಡಿದು ತಿರುಗಿ ನೋಡಿದೆವು, ಫ್ರಿಜ್ ಬಾಗಿಲು ತೆರೆದಂತೆ ರಟ್ಟು ಹಿಡಿದು ನೋಡಿದೆವು, ಬಟ್ಟೆ ಹಾಕಿಕೊಳ್ಳುವಾಗ ಮೊಣಕೈ ಎಲ್ಲಿ ತಾಗುತ್ತದೆ ಅಂತ ನೋಡಿದೆವು. ಇಷ್ಟು ಮಾಡಿದ್ದಕ್ಕೇ ಫ್ರಿಜ್ ಎದುರು ಬದಿಗೆ ಹೋಯಿತು, ಸೋಫಾ ಕಿರಿದಾಯಿತು. ಹಿಂದಿನ ಚಕ್ರಗಳ ಮೇಲೆ ನೆಲದಿಂದ ಎದ್ದಿರುವ ಉಬ್ಬು ಎರಡೂ ಬದಿಗಿರುತ್ತದೆ. ಒಂದು ಸೋಫಾದ ಪೆಟ್ಟಿಗೆಯೊಳಗೆ ಸೇರಿತು, ಇನ್ನೊಂದು ಬಟ್ಟೆ ಕಪಾಟಿನ ಕೆಳಗೆ.

ಜನ ಜಾಸ್ತಿ ಯೋಚಿಸದೆ ಬಿಡುವುದು ತೂಕವನ್ನು. 300 ಲೀಟರ್ ನೀರು ಅಂದರೆ 300 ಕೆಜಿ. ಅದನ್ನು ಒಂದೇ ಬದಿಗೆ ಇಟ್ಟರೆ ಬಸ್ಸು ಆ ಕಡೆಗೆ ವಾಲುತ್ತದೆ. ಹಿಂದಿನ ಚಕ್ರ ದಾಟಿ ತೀರಾ ಹಿಂದೆ ಇಟ್ಟರೆ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗುತ್ತದೆ, ಅದು ಸ್ಟೀರಿಂಗಿಗೆ ಒಳ್ಳೆಯದಲ್ಲ. ನಾವು ನೀರನ್ನು ಹಿಂದಿನ ಚಕ್ರಗಳ ಸ್ವಲ್ಪ ಮುಂದೆ, ಸೋಫಾದ ಕೆಳಗೆ ನೆಲಮಟ್ಟದಲ್ಲಿಟ್ಟು, ಸರಿತೂಗಲಿ ಅಂತ ಬ್ಯಾಟರಿಗಳನ್ನು ಎದುರು ಬದಿಗೆ ಹಾಕಿದೆವು.

ಮಂಚ ಹಿಂದೆ, ಅಡ್ಡಡ್ಡಕ್ಕೆ. 87 ಇಂಚಿನಲ್ಲಿ 6 ಅಡಿ ಎತ್ತರದವರೂ ಕಾಲು ಚಾಚಿ ಮಲಗಬಹುದು, ಉದ್ದಕ್ಕೆ ಹಾಕುವುದಕ್ಕಿಂತ ಬಸ್ಸಿನ ಉದ್ದದಲ್ಲಿ ಒಂದು ಅಡಿಗೂ ಜಾಸ್ತಿ ಉಳಿಯುತ್ತದೆ. ಒಳಗೆ ಮಲಗಿದವರು ರಾತ್ರಿ ಎದ್ದರೆ ಇನ್ನೊಬ್ಬರನ್ನು ದಾಟಿ ಬರಬೇಕು, ಅದನ್ನು ಒಪ್ಪಿಕೊಂಡೇ ಹಾಕಿದ್ದು. ಆದರೆ ಹಿಂದಿನ ತುರ್ತು ಬಾಗಿಲನ್ನು ಮುಚ್ಚಿಬಿಡುವ ಮಾತೇ ಇರಲಿಲ್ಲ. ಬೆಂಕಿ ಹತ್ತಿಕೊಂಡರೆ ಅಡುಗೆ ಕಟ್ಟೆ ನಮಗೂ ಮುಂದಿನ ಬಾಗಿಲಿಗೂ ನಡುವೆ ಇರುತ್ತದೆ. ಹಾಸಿಗೆ ಬಾಗಿಲಿನ ಹಿಡಿಗಿಂತ ಕೆಳಗಿದೆ, ಮಲಗಿದಲ್ಲಿಂದಲೇ ಕೈ ಚಾಚಿ ತೆರೆಯಬಹುದು. ಗ್ಯಾಸ್ ಸಿಲಿಂಡರಿಗೆ ಒಳಗಿನಿಂದ ಪೂರ್ತಿ ಮುಚ್ಚಿದ, ಹೊರಗಿನಿಂದ ತೆರೆಯುವ ಪೆಟ್ಟಿಗೆ ಮಾಡಿಸಿ ತಳದಲ್ಲಿ ಹೊರಕ್ಕೆ ತೂತು ಬಿಟ್ಟೆವು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ನಿಲ್ಲುತ್ತದೆ.