ಏದೆನ್ ತೋಟದ ಪತನವನ್ನು ಓದುವ ಮತ್ತು ನೋಡುವ ಕ್ರಮ

ಆದಾಮ ಮತ್ತು ಹವ್ವರ ಕಥೆಯನ್ನು ಹೇಳಿ ಎಂದು ಯಾರನ್ನಾದರೂ ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ: ಸೈತಾನನು ಹಾವಿನ ರೂಪದಲ್ಲಿ ಬಂದ, ಸೇಬು ತಿನ್ನಲು ಹೆಂಗಸನ್ನು ಪುಸಲಾಯಿಸಿದ, ಅವಳು ಗಂಡನನ್ನೂ ಕೆಡಿಸಿದಳು, ಆ ಪಾಪದಿಂದ ಮನುಷ್ಯಕುಲ ಪತನಗೊಂಡಿತು. ಈ ಉತ್ತರದಲ್ಲಿ ಬರುವ ಸೈತಾನ, ಸೇಬು, ಪಾಪ, ಪತನ ಎಂಬ ನಾಲ್ಕು ಪದಗಳಲ್ಲಿ ಒಂದೂ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಎರಡನೆಯ ಮತ್ತು ಮೂರನೆಯ ಅಧ್ಯಾಯಗಳಲ್ಲಿ ಇಲ್ಲ. ಇವೆಲ್ಲ ನಂತರದ ಶತಮಾನಗಳ ಧರ್ಮಚಿಂತಕರು, ಭಾಷಾಂತರಕಾರರು, ಕಲಾವಿದರು ಮತ್ತು ಕವಿಗಳು ಕಥೆಗೆ ಸೇರಿಸಿದವು. ಸೇರಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಮೂಲದಲ್ಲಿ ಇರುವುದು ಯಾವುದು, ಆಮೇಲೆ ಬಂದದ್ದು ಯಾವುದು ಎಂದು ಬೇರ್ಪಡಿಸಿಕೊಳ್ಳದೆ ಈ ವಿಷಯದ ಒಂದು ಚಿತ್ರವನ್ನಾಗಲಿ ಕಾವ್ಯವನ್ನಾಗಲಿ ಸರಿಯಾಗಿ ನೋಡಲು ಬರುವುದಿಲ್ಲ. ಬೇರ್ಪಡಿಸಿಕೊಳ್ಳುವ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಮೂಲವನ್ನೇ ಓದಬೇಕು. ಆದಿಕಾಂಡದ ಎರಡನೆಯ ಅಧ್ಯಾಯದ ನಾಲ್ಕನೆಯ ವಚನದಿಂದ ಮೂರನೆಯ ಅಧ್ಯಾಯದ ಕೊನೆಯವರೆಗೆ, ಒಂದೇ ಸಲ ಕುಳಿತು, ಪೆನ್ಸಿಲ್ ಹಿಡಿದು ಓದಿ. ಮೂರನೆಯ ಅಧ್ಯಾಯದಲ್ಲಿ ಇರುವುದು ಕೇವಲ 24 ವಚನಗಳು. ಹತ್ತು ನಿಮಿಷವೂ ಬೇಡ. ಓದುವಾಗ ಯಾರು ಯಾರಿಗೆ ಏನು ಹೇಳಿದರು ಎಂಬುದನ್ನು ಮಾತ್ರ ಗುರುತು ಹಾಕಿಕೊಳ್ಳಿ. ಹಣ್ಣು ತಿನ್ನಬಾರದೆಂಬ ಆಜ್ಞೆಯನ್ನು ದೇವರು ಕೊಟ್ಟದ್ದು ಪುರುಷನಿಗೆ, ಸ್ತ್ರೀಯ ಸೃಷ್ಟಿ ಇನ್ನೂ ಆಗಿರದಿದ್ದಾಗ. ಅವಳು ಹಾವಿಗೆ ಆ ಆಜ್ಞೆಯನ್ನು ಒಪ್ಪಿಸುವಾಗ 'ಮುಟ್ಟಲೂ ಬಾರದು' ಎಂಬ ಮಾತೊಂದು ಹೆಚ್ಚಾಗಿ ಸೇರಿಕೊಂಡಿದೆ. ಅದನ್ನು ಅವಳೇ ಸೇರಿಸಿದಳೋ, ಗಂಡ ಹಾಗೆ ಹೇಳಿಕೊಟ್ಟಿದ್ದನೋ ಕಥೆ ತಿಳಿಸುವುದಿಲ್ಲ. ಶಾಪ ಎಂಬ ಪದ ಬರುವುದು ಹಾವಿಗೆ ಮತ್ತು ನೆಲಕ್ಕೆ ಮಾತ್ರ. ಗಂಡು ಹೆಣ್ಣುಗಳಿಗೆ ಬೇನೆಯನ್ನೂ ದುಡಿಮೆಯನ್ನೂ ವಿಧಿಸಲಾಗುತ್ತದೆ, 'ನೀನು ಶಾಪಗ್ರಸ್ತ' ಎಂದು ಇಬ್ಬರಲ್ಲಿ ಯಾರಿಗೂ ಹೇಳುವುದಿಲ್ಲ. ಹವ್ವ ಎಂಬ ಹೆಸರು ಸಹ ಎಲ್ಲ ಮುಗಿದ ಮೇಲೆ, ಇಪ್ಪತ್ತನೆಯ ವಚನದಲ್ಲಿ ಬರುತ್ತದೆ. ಅಲ್ಲಿಯವರೆಗೆ ಅವಳು ಬರೀ ಸ್ತ್ರೀ. ಮರಣದ ಮಾತು ಕೇಳಿಸಿಕೊಂಡ ಮರುಕ್ಷಣವೇ ಪುರುಷನು ಅವಳಿಗೆ ಜೀವ ಎಂಬ ಅರ್ಥಕ್ಕೆ ಹೊಂದುವ ಹೆಸರಿಡುತ್ತಾನೆ ಎಂಬುದು ಈ ಅಧ್ಯಾಯದಲ್ಲಿ ನನ್ನನ್ನು ಅತ್ಯಂತ ಆಳವಾಗಿ ತಟ್ಟಿದ ಸಂಗತಿ.

ಹೀಬ್ರೂ ಬಾರದವರೂ ಎರಡು ಪದಗಳನ್ನು ತಿಳಿದಿರುವುದು ಒಳ್ಳೆಯದು. ಎರಡನೆಯ ಅಧ್ಯಾಯ ಮುಗಿಯುವುದು ಗಂಡ ಹೆಂಡಿರಿಬ್ಬರೂ ಬೆತ್ತಲೆಯಾಗಿದ್ದರು, ನಾಚಲಿಲ್ಲ ಎಂಬ ಮಾತಿನಿಂದ. ಬೆತ್ತಲೆ ಎಂಬುದಕ್ಕೆ ಅಲ್ಲಿರುವ ಪದ 'ಅರುಮ್ಮೀಮ್'. ಮುಂದಿನ ವಚನದಲ್ಲೇ ಹಾವು ಎಲ್ಲ ಪ್ರಾಣಿಗಳಿಗಿಂತ ಯುಕ್ತಿಯುಳ್ಳದ್ದು ಎನ್ನುವಾಗ ಬರುವ ಪದ 'ಅರೂಮ್'. ಕಿವಿಗೆ ಎರಡೂ ಒಂದೇ ಮೂಲದವೆಂಬಂತೆ ಕೇಳಿಸುತ್ತವೆ. ಅಂದರೆ ಅವರ ಮುಗ್ಧತೆ ಮತ್ತು ಹಾವಿನ ಜಾಣತನಗಳನ್ನು ಕಥೆಗಾರನು ಒಂದು ಶ್ಲೇಷೆಯ ದಾರದಿಂದ ಕಟ್ಟಿದ್ದಾನೆ. ಅಧ್ಯಾಯಗಳ ವಿಂಗಡಣೆ ಬಹಳ ಕಾಲದ ನಂತರ ಬಂದು ಈ ದಾರವನ್ನು ನಡುವೆ ಕತ್ತರಿಸಿಬಿಟ್ಟಿತು. ಆದ್ದರಿಂದಲೇ ಎರಡನೆಯ ಅಧ್ಯಾಯದಿಂದ ನಿಲ್ಲಿಸದೆ ಓದಬೇಕೆಂದು ಹೇಳಿದ್ದು.

ಈಗ ಇಡೀ ವಿಷಯಕ್ಕೆ ಬೀಗದ ಕೈಯಂತಿರುವ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಳ್ಳಿ: ಹಾವು ಮಾತಾಡುತ್ತಿದ್ದಾಗ ಆದಾಮ ಎಲ್ಲಿದ್ದ? ಆರನೆಯ ವಚನದ ಹೀಬ್ರೂ ಪಾಠದಲ್ಲಿ ಅವಳು ಹಣ್ಣನ್ನು 'ತನ್ನ ಸಂಗಡ ಇದ್ದ' ಗಂಡನಿಗೆ ಕೊಟ್ಟಳು ಎಂದಿದೆ. ಹಾವು ಸಹ 'ನೀನು' ಎನ್ನದೆ 'ನೀವು' ಎಂಬ ಬಹುವಚನದಲ್ಲೇ ಮಾತಾಡುತ್ತದೆ. ಹಾಗಿದ್ದರೆ ಅವನು ಪಕ್ಕದಲ್ಲೇ ಇದ್ದು ಒಂದು ಮಾತನ್ನೂ ಆಡದೆ ಕೇಳಿಸಿಕೊಂಡಿದ್ದಾನೆ ಎಂದು ಓದಲು ಅವಕಾಶವಿದೆ. ನಾಲ್ಕನೆಯ ಶತಮಾನದ ಕೊನೆಗೆ ಸಂತ ಜೆರೋಮನು ಲ್ಯಾಟಿನ್‌ಗೆ ಅನುವಾದಿಸಿದಾಗ ಆ 'ಸಂಗಡ' ಎಂಬ ಪದ ಬಿಟ್ಟುಹೋಯಿತು. ಪಶ್ಚಿಮ ಯುರೋಪು ಸಾವಿರ ವರ್ಷ ಓದಿದ್ದು ಈ ಲ್ಯಾಟಿನ್ ಪಾಠವನ್ನೇ. ಒಂದು ಚಿಕ್ಕ ಪದ ಕಾಣೆಯಾದರೆ ಹೊಣೆಯ ಭಾರವೆಲ್ಲ ಒಬ್ಬಳ ಹೆಗಲಿಗೆ ಹೇಗೆ ಸರಿಯುತ್ತದೆ ಎಂಬುದನ್ನು ಇಲ್ಲಿ ಕಣ್ಣಾರೆ ನೋಡಬಹುದು. ಇನ್ನು ಮುಂದೆ ಯಾವ ಚಿತ್ರ, ಯಾವ ಪದ್ಯ ಎದುರಾದರೂ ಮೊದಲು ಈ ಪ್ರಶ್ನೆಯನ್ನೇ ಕೇಳಿ. ಕಥೆಯಲ್ಲಿ ದೇವರು ಕೇಳುವ ಮೊದಲ ಪ್ರಶ್ನೆಯೂ ಅದೇ: 'ನೀನು ಎಲ್ಲಿದ್ದೀ?'

ಮೂಲ ಕೈವಶವಾದ ಮೇಲೆ, ಸೇರ್ಪಡೆಗಳನ್ನು ಒಂದೊಂದಾಗಿ ಅವುಗಳ ಊರಿಗೆ ಕಳುಹಿಸಬೇಕು. ಹಣ್ಣಿನಿಂದ ಆರಂಭಿಸಬಹುದು. ಮೂಲವು ಅದರ ಜಾತಿಯನ್ನು ಹೇಳುವುದಿಲ್ಲ. ಯೆಹೂದಿ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮೂದಿನಲ್ಲಿ ಪಂಡಿತರು ಅದು ದ್ರಾಕ್ಷಿ, ಅಂಜೂರ, ಗೋಧಿ ಎಂದು ಮೂರು ಬಗೆಯಾಗಿ ವಾದಿಸಿದ್ದಾರೆ. ಅಂಜೂರವೆಂದವರ ತರ್ಕ ನನಗೆ ಬಹಳ ಪ್ರಿಯ: ಯಾವುದರಿಂದ ಕೆಟ್ಟರೋ ಅದರ ಎಲೆಯಿಂದಲೇ ಮಾನ ಮುಚ್ಚಿಕೊಂಡರು. ಸೇಬು ಬಂದದ್ದು ಪಶ್ಚಿಮ ಯುರೋಪಿನ ಕಡೆಯಿಂದ, ಮತ್ತು ಲ್ಯಾಟಿನ್‌ನಲ್ಲಿ ಕೆಡುಕಿಗೂ ಸೇಬಿಗೂ 'ಮಾಲುಮ್' ಎಂಬ ಒಂದೇ ಅಕ್ಷರಗಳ ಪದವಿರುವುದು ಅದಕ್ಕೆ ಒತ್ತಾಸೆಯಾಯಿತು. ಹಾವು ಪಿಶಾಚನಾದ ಬಗೆಯನ್ನು ತಿಳಿಯಲು ಸೊಲೊಮೋನನ ಹೆಸರಿನಲ್ಲಿರುವ ಜ್ಞಾನಗ್ರಂಥದ ಎರಡನೆಯ ಅಧ್ಯಾಯವನ್ನು ನೋಡಬೇಕು. ಪಿಶಾಚನ ಹೊಟ್ಟೆಕಿಚ್ಚಿನಿಂದ ಮರಣವು ಲೋಕಕ್ಕೆ ಬಂತು ಎಂದು ಅಲ್ಲಿದೆ. ಹೊಸ ಒಡಂಬಡಿಕೆಯ ಪ್ರಕಟನೆ ಗ್ರಂಥದ ಹನ್ನೆರಡನೆಯ ಅಧ್ಯಾಯವು 'ಆ ಹಳೆಯ ಸರ್ಪ'ವನ್ನು ನೇರವಾಗಿ ಸೈತಾನನೆಂದೇ ಕರೆಯುತ್ತದೆ.

ಪಾಪದ ವಿಚಾರ ಇವೆರಡಕ್ಕಿಂತ ಗಂಭೀರವಾದದ್ದು. ಪಾಪ ಎಂಬ ಪದ ಬೈಬಲಿನಲ್ಲಿ ಮೊದಲು ಕಾಣಿಸುವುದು ನಾಲ್ಕನೆಯ ಅಧ್ಯಾಯದಲ್ಲಿ, ಆದಾಮ ಹವ್ವರ ಮಗ ಕಾಯಿನನ ಬಾಗಿಲಲ್ಲಿ ಹೊಂಚುಹಾಕಿ ಕುಳಿತ ಮೃಗದಂತೆ. ಒಬ್ಬ ಮನುಷ್ಯನ ಮೂಲಕ ಪಾಪವೂ ಪಾಪದಿಂದ ಮರಣವೂ ಲೋಕದೊಳಗೆ ಬಂದವು ಎಂದು ತೋಟದ ಕಥೆಗೆ ಅದನ್ನು ಜೋಡಿಸಿದವನು ಆದಿ ಕ್ರೈಸ್ತ ಪ್ರಚಾರಕ ಪೌಲ. ರೋಮಾಪುರದವರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಆದಾಮನನ್ನು ಕ್ರಿಸ್ತನ ಎದುರಿಗೆ ನಿಲ್ಲಿಸುವುದು ಅವನ ಉದ್ದೇಶ. 354ರಿಂದ 430ರವರೆಗೆ ಬಾಳಿದ ಸಂತ ಆಗಸ್ಟೀನನು ಅದೇ ಅಧ್ಯಾಯದ ಹನ್ನೆರಡನೆಯ ವಚನವನ್ನು ಲ್ಯಾಟಿನ್‌ನಲ್ಲಿ ಓದಿ, 'ಅವನಲ್ಲಿ ಎಲ್ಲರೂ ಪಾಪಮಾಡಿದರು' ಎಂದು ಅರ್ಥೈಸಿದನು. ಗ್ರೀಕ್ ಮೂಲವನ್ನು 'ಎಲ್ಲರೂ ಪಾಪಮಾಡಿದ್ದರಿಂದ' ಎಂದು ಓದುವುದು ಹೆಚ್ಚು ಸಹಜ. ಹುಟ್ಟಿನೊಂದಿಗೇ ಬರುವ ಮೂಲಪಾಪದ ಸಿದ್ಧಾಂತ ಪಶ್ಚಿಮದ ಕ್ರೈಸ್ತ ಸಭೆಗಳಲ್ಲಿ ಬೇರೂರಲು ಅವನೇ ಮುಖ್ಯ ಕಾರಣ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮರಣ ಮತ್ತು ದೌರ್ಬಲ್ಯ ಬಳುವಳಿಯಾಗಿ ಬಂದಿವೆ ಎನ್ನುತ್ತವೆಯೇ ಹೊರತು ಆದಾಮನ ಅಪರಾಧ ನಮ್ಮದೂ ಹೌದು ಎನ್ನುವುದಿಲ್ಲ. ಎರಡನೆಯ ಶತಮಾನದ ಕ್ರೈಸ್ತ ಧರ್ಮಚಿಂತಕ ಐರೇನಿಯಸ್ ಆ ದಂಪತಿಯನ್ನು ಇನ್ನೂ ಬೆಳೆಯಬೇಕಾಗಿದ್ದ ಮಕ್ಕಳೆಂದು ಕಂಡನು.

ಕುರ್‌ಆನಿನ ಪಾಠವನ್ನು ಪ್ರತ್ಯೇಕವಾಗಿಯೇ ಓದಬೇಕು. ಬೈಬಲಿನ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಮೇಲೆ ಹೊದಿಸಬಾರದು. ಎರಡು, ಏಳು ಮತ್ತು ಇಪ್ಪತ್ತನೆಯ ಅಧ್ಯಾಯಗಳಲ್ಲಿ ಪ್ರಸಂಗ ಬರುತ್ತದೆ. ಅಲ್ಲಿ ಹಾವಿಲ್ಲ, ಶೈತಾನನೇ ಪಿಸುಗುಟ್ಟುತ್ತಾನೆ. ಪತ್ನಿಯ ಹೆಸರಿಲ್ಲ, ಅವಳೇ ಮೊದಲು ತಿಂದಳೆಂಬ ಮಾತೂ ಇಲ್ಲ. ಏಳನೆಯ ಅಧ್ಯಾಯದಲ್ಲಿ ಇಬ್ಬರೂ ಜೊತೆಯಾಗಿ ಜಾರುತ್ತಾರೆ, ಜೊತೆಯಾಗಿಯೇ ಕ್ಷಮೆ ಬೇಡುತ್ತಾರೆ. ದೇವರು ಪಶ್ಚಾತ್ತಾಪವನ್ನು ಸ್ವೀಕರಿಸುತ್ತಾನೆ, ತಪ್ಪು ಮುಂದಿನ ಪೀಳಿಗೆಗೆ ಹರಿಯುವುದಿಲ್ಲ.

ಇಷ್ಟು ಸಿದ್ಧತೆಯಾದ ಮೇಲೆ ಚಿತ್ರಗಳ ಮುಂದೆ ಹೋಗಿ. ಚಿತ್ರಕಾರನಿಗೆ 'ನಂತರ' ಎಂಬ ಪದವಿಲ್ಲ. ಒಂದು ಕ್ಷಣವನ್ನು ಆರಿಸಿಕೊಳ್ಳಲೇಬೇಕು, ಹಣ್ಣಿಗೆ ಬಣ್ಣ ಕೊಡಲೇಬೇಕು, ಹಾವಿಗೆ ಮುಖ ಬರೆಯಲೇಬೇಕು, ಆದಾಮನನ್ನು ಎಲ್ಲಾದರೂ ನಿಲ್ಲಿಸಲೇಬೇಕು. ಮೂಲ ಮೌನವಾಗಿರುವ ಕಡೆಗಳಲ್ಲೆಲ್ಲ ಅವನು ಬಾಯಿ ಬಿಡಲೇಬೇಕಾಗುತ್ತದೆ. ಹಾಗಾಗಿ ಚಿತ್ರದಲ್ಲಿ ಕೈಗಳನ್ನು ಹಿಂಬಾಲಿಸುವುದು ಒಳ್ಳೆಯ ಆರಂಭ. ಜರ್ಮನಿಯ ಹಿಲ್ಡೆಸ್‌ಹೈಮ್‌ನಲ್ಲಿ ಬಿಷಪ್ ಬೆರ್ನ್‌ವರ್ಡ್ 1015ರಲ್ಲಿ ಮಾಡಿಸಿದ ಕಂಚಿನ ಬಾಗಿಲುಗಳನ್ನೇ ತೆಗೆದುಕೊಳ್ಳಿ. ಎಡಬಾಗಿಲಿನಲ್ಲಿ ಮೇಲಿನಿಂದ ನಾಲ್ಕನೆಯ ಫಲಕ ವಿಚಾರಣೆಯದು. ದೇವರು ಮುಂದಕ್ಕೆ ಬಾಗಿ ಆದಾಮನತ್ತ ಬೆರಳು ಚಾಚಿದ್ದಾನೆ. ಆದಾಮ ಒಂದು ಕೈಯಿಂದ ಎಲೆ ಒತ್ತಿ ಹಿಡಿದು, ಮೈಯನ್ನು ಕುಗ್ಗಿಸಿ, ಇನ್ನೊಂದು ಕೈಯಿಂದ ಹಿಂದಿರುವ ಹವ್ವಳನ್ನು ತೋರಿಸುತ್ತಿದ್ದಾನೆ. ಅವಳು ಇನ್ನಷ್ಟು ಬಾಗಿ ನೆಲದ ಮೇಲಿರುವ ಪ್ರಾಣಿಯತ್ತ ಕೈ ಮಾಡಿದ್ದಾಳೆ. ಬೆರಳಿನಿಂದ ಬೆರಳಿಗೆ ಹೊಣೆ ದಾಟುತ್ತಾ, ಮೈಗಳು ಕುಸಿಯುತ್ತಾ, ನೆಲಕ್ಕೆ ಮುಟ್ಟುತ್ತದೆ. ಇಲ್ಲಿ ಪತನವೆಂದರೆ ತಿನ್ನುವ ಕ್ರಿಯೆ ಅಲ್ಲ, ಹೊಣೆಯನ್ನು ಇನ್ನೊಬ್ಬರ ಮೇಲೆ ಹಾಕುವ ಕ್ರಿಯೆ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಎರಡೂ ಬಾಗಿಲುಗಳನ್ನು ಒಟ್ಟಿಗೆ ನೋಡಿ: ಹಣ್ಣು ತಿನ್ನುವ ಫಲಕದ ಎದುರಿಗೆ ಬಲಬಾಗಿಲಿನಲ್ಲಿ ಕ್ರಿಸ್ತನ ಶಿಲುಬೆಯಿದೆ, ಮರಕ್ಕೆ ಎದುರಾಗಿ ಮರ. ಪೌಲನ ವಾದವನ್ನು ಕಂಚಿನಲ್ಲಿ ಎರಕ ಹೊಯ್ದಿದ್ದಾರೆ.

ಹಾವಿನ ಮುಖವನ್ನು ನೋಡಲು ಮರೆಯಬೇಡಿ. ಹಾವಿಗೆ ಕನ್ಯೆಯ ಮುಖವಿತ್ತು ಎಂಬ ಕಲ್ಪನೆಯನ್ನು ಹನ್ನೆರಡನೆಯ ಶತಮಾನದ ಫ್ರೆಂಚ್ ಧರ್ಮಪಂಡಿತ ಪೀಟರ್ ಕೊಮೆಸ್ಟರ್ ಪ್ರಚಾರಕ್ಕೆ ತಂದ ಮೇಲೆ ಅನೇಕ ಚಿತ್ರಗಳಲ್ಲಿ ಹವ್ವ ತನ್ನಂಥದೇ ಮುಖವೊಂದನ್ನು ಮರದಲ್ಲಿ ಕಾಣುತ್ತಾಳೆ. ಮೈಕೆಲ್ಯಾಂಜೆಲೊ ಸಿಸ್ಟೀನ್ ಚಾಪೆಲ್‌ನ ಛಾವಣಿಯಲ್ಲಿ, 1508ರಿಂದ 1512ರ ನಡುವೆ, ಹಾವಿಗೆ ಹೆಣ್ಣಿನ ಅರ್ಧಮೈಯನ್ನೇ ಕೊಟ್ಟನು. ಆದರೆ ಅದೇ ಚಿತ್ರದಲ್ಲಿ ಆದಾಮನು ಹೆಂಡತಿ ಕೊಡುವವರೆಗೆ ಕಾಯದೆ ತಾನೇ ಕೊಂಬೆಯನ್ನು ಹಿಡಿದು ಮರಕ್ಕೆ ಕೈಹಾಕಿದ್ದಾನೆ. ನಮ್ಮ ಬೀಗದ ಕೈ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಯಾವ ಚಿತ್ರದಲ್ಲೂ ನೋಡಿಲ್ಲ. ಆಲ್ಬ್ರೆಖ್ಟ್ ಡ್ಯೂರರ್ 1504ರಲ್ಲಿ ಕೊರೆದ ತಾಮ್ರಫಲಕದ ಅಚ್ಚಿನಲ್ಲಾದರೆ ಕಣ್ಣನ್ನು ನೆಲದ ಕಡೆಗೆ ಇಳಿಸಬೇಕು. ಬೆಕ್ಕು, ಮೊಲ, ಎತ್ತು, ಕಡವೆಯಂಥ ಎಲ್ಕ್ ಮೃಗ, ಇವು ಮನುಷ್ಯನ ನಾಲ್ಕು ಸ್ವಭಾವಗಳ ಸಂಕೇತಗಳೆಂದು ಕಲಾವಿಮರ್ಶಕರು ಹೇಳುತ್ತಾರೆ. ಪತನದ ನಂತರ ಅವು ಒಂದನ್ನೊಂದು ಮೀರಲು ಹವಣಿಸುತ್ತವೆ. ಬೆಕ್ಕಿನ ಮುಂದೆಯೇ ಒಂದು ಇಲಿ ನಿಶ್ಚಿಂತೆಯಿಂದಿದೆ. ಹಣ್ಣಿಗೆ ಹಲ್ಲು ತಾಗುವ ಆ ಘಳಿಗೆಯವರೆಗೆ ಮಾತ್ರ ಅದು ಸುರಕ್ಷಿತ.

ಅವರನ್ನು ತೋಟದಿಂದ ಹೊರಹಾಕುವ ಉಚ್ಚಾಟನೆಯ ದೃಶ್ಯಕ್ಕೆ ಫ್ಲಾರೆನ್ಸಿನ ಬ್ರಾಂಕಾಚಿ ಚಾಪೆಲ್‌ನಲ್ಲಿ ಮಸಾಚ್ಚೊ 1420ರ ದಶಕದಲ್ಲಿ ಬರೆದ ಭಿತ್ತಿಚಿತ್ರವೇ ಸಾಕು. ಆದಾಮ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಾನೆ, ಹವ್ವ ಮೈ ಮುಚ್ಚಿಕೊಂಡು ಬಾಯಿ ತೆರೆದು ಗೋಳಿಡುತ್ತಿದ್ದಾಳೆ. ಹದಿನೇಳನೆಯ ಶತಮಾನದ ಕೊನೆಗೆ ಯಾರೋ ಇಬ್ಬರಿಗೂ ಎಲೆಗಳನ್ನು ಬರೆಸಿದ್ದರು. 1980ರ ದಶಕದ ಶುಚೀಕರಣದಲ್ಲಿ ಅವನ್ನು ತೆಗೆಯಲಾಯಿತು. ಹಳೆಯ ಪುಸ್ತಕಗಳ ಚಿತ್ರವನ್ನೂ ಇಂದಿನ ಛಾಯಾಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಾಚಿಕೆ ಯಾರದು, ಅವರದೋ ನೋಡುವವರದೋ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಸಾಹಿತ್ಯವನ್ನು ಓದುವ ಕ್ರಮ ಸ್ವಲ್ಪ ಬೇರೆ. ಕವಿಗೆ ಕಾಲವಿದೆ, ಆದ್ದರಿಂದ ಅವನು ಮೂಲದ ಬಿರುಕುಗಳೊಳಗೆ ಇಳಿದು ಅಲ್ಲಿ ಮಾತು ತುಂಬುತ್ತಾನೆ. ಇಟಲಿಯ ಕವಿ ದಾಂತೆಯ 'ಡಿವೈನ್ ಕಾಮೆಡಿ'ಯ ಸ್ವರ್ಗಕಾಂಡದ 26ನೆಯ ಸರ್ಗದಲ್ಲಿ ಆದಾಮನೇ ಮಾತಾಡಿ, ಗಡಿಪಾರಿಗೆ ಕಾರಣ ಹಣ್ಣಿನ ರುಚಿ ಅಲ್ಲ, ಗೆರೆ ದಾಟಿದ್ದು ಎನ್ನುತ್ತಾನೆ. ತಾನು ಬೆಟ್ಟದ ತುದಿಯ ಆ ತೋಟದಲ್ಲಿ ಇದ್ದದ್ದು ಬೆಳಗಿನಿಂದ ಮಧ್ಯಾಹ್ನ ತಿರುಗುವವರೆಗೆ ಮಾತ್ರ ಎಂದೂ ತಿಳಿಸುತ್ತಾನೆ. ಇಂಗ್ಲಿಷ್ ಕವಿ ಮಿಲ್ಟನ್ 1667ರಲ್ಲಿ ಪ್ರಕಟಿಸಿದ 'ಪ್ಯಾರಡೈಸ್ ಲಾಸ್ಟ್' ಇಡೀ ಕಾವ್ಯವನ್ನು ಒಮ್ಮೆಲೇ ಹಿಡಿಯಲು ಹೋಗಿ ಸೋತವರು ಅನೇಕರು. ಒಂಬತ್ತನೆಯ ಸರ್ಗದಿಂದಲೇ ಆರಂಭಿಸಿ, ನಷ್ಟವೇನಿಲ್ಲ. ಕಣ್ಣು ಕಳೆದುಕೊಂಡಿದ್ದ ಕವಿ ಬಾಯಲ್ಲಿ ಹೇಳಿ ಬರೆಸಿದ ಸಾಲುಗಳವು. ಆದ್ದರಿಂದ ಗಟ್ಟಿಯಾಗಿ ಓದುವುದು ಉಚಿತ. ಇಲ್ಲಿ ಆದಾಮ ಎಲ್ಲಿದ್ದಾನೆ? ದೂರದಲ್ಲಿ. ಇಬ್ಬರೂ ಬೇರೆ ಬೇರೆ ಕಡೆ ಕೆಲಸ ಮಾಡೋಣವೆಂದು ಹವ್ವ ಬೆಳಿಗ್ಗೆ ಹಟಹಿಡಿದಿದ್ದಾಳೆ. ಅವಳು ಹಣ್ಣು ತಿನ್ನುತ್ತಿದ್ದಾಗ ಅವನು ಅವಳ ಮುಡಿಗಾಗಿ ಹೂಮಾಲೆ ಕಟ್ಟುತ್ತಿದ್ದಾನೆ. ವಿಷಯ ಕೇಳಿದಾಗ ಅವನ ಸಡಿಲಗೊಂಡ ಕೈಯಿಂದ ಮಾಲೆ ಜಾರಿ, ಬಾಡಿದ ಗುಲಾಬಿಗಳು ಉದುರುತ್ತವೆ. ಆ ತೋಟದಲ್ಲಿ ಬಾಡಿದ ಮೊದಲ ಹೂಗಳು ಅವು. ಆಮೇಲೆ ಅವನು ಮೋಸಹೋಗಿ ಅಲ್ಲ, ಅವಳನ್ನು ಬಿಟ್ಟಿರಲಾರದೆ, ತಿಳಿದೂ ತಿಳಿದೂ ತಿನ್ನುತ್ತಾನೆ. ಜೆರೋಮನ ಪಾಠ ಮರೆಸಿದ್ದ 'ಸಂಗಡ' ಎಂಬ ಪದ ಇಲ್ಲಿ ಬೇರೊಂದು ಅರ್ಥದಲ್ಲಿ ಮರಳಿ ಬಂದಿದೆ. ಹನ್ನೆರಡನೆಯ ಸರ್ಗದ ಕೊನೆಯಲ್ಲಿ ಅವರು ತೋಟವನ್ನು ಬಿಡುವಾಗ ಕೈ ಕೈ ಹಿಡಿದಿರುತ್ತಾರೆ. ಮಸಾಚ್ಚೊನ ಚಿತ್ರದ ಆ ನಾಲ್ಕು ಒಂಟಿ ಕೈಗಳನ್ನು ಕಣ್ಣ ಮುಂದಿಟ್ಟುಕೊಂಡೇ ಈ ಸಾಲುಗಳನ್ನು ಓದಿ.

ಕೊನೆಗೆ ಒಂದು ಅಭ್ಯಾಸ. ಎಲ್ಲ ಮುಗಿದ ಮೇಲೆ ಮೂರನೆಯ ಅಧ್ಯಾಯದ ಇಪ್ಪತ್ತೊಂದನೆಯ ವಚನಕ್ಕೆ ಹಿಂದಿರುಗಿ. ತೀರ್ಪಿಗೂ ಉಚ್ಚಾಟನೆಗೂ ನಡುವೆ ದೇವರು ಅವರಿಬ್ಬರಿಗೂ ಚರ್ಮದ ಅಂಗಿಗಳನ್ನು ಮಾಡಿ ತೊಡಿಸಿದನು ಎಂದು ಅಲ್ಲಿದೆ. ಹಾವು, ಹಣ್ಣು, ಕತ್ತಿಗಳ ಚಿತ್ರಗಳ ನಡುವೆ ಈ ವಚನವನ್ನು ಹುಡುಕಿಕೊಂಡು ಹೋಗಿ, ಸಿಗುವುದು ಅಪರೂಪ. ವೆನಿಸ್‌ನ ಸಂತ ಮಾರ್ಕನ ದೇವಾಲಯದ ಮುಖಮಂಟಪದಲ್ಲಿ, ಹದಿಮೂರನೆಯ ಶತಮಾನದ ಸೃಷ್ಟಿಕಥೆಯ ಗುಮ್ಮಟದ ಮೊಸಾಯಿಕ್‌ಗಳಲ್ಲಿ ಅದು ಇದೆ. ಸೃಷ್ಟಿಕರ್ತನು ಹವ್ವಳ ಬಳಿ ನಿಂತು, ಹೊರಡುವ ಮೊದಲು ಮಗುವಿಗೆ ತಾಯಿ ಅಂಗಿ ಸರಿಪಡಿಸುವಂತೆ, ತನ್ನ ಕೈಯಾರೆ ಅವಳಿಗೆ ಉಡುಪು ತೊಡಿಸುತ್ತಿದ್ದಾನೆ.