ಒಂದೇ ಹೊಲ, ಎರಡು ತಾಕು: ರಾಗಿಯಲ್ಲಿ ನಾನು ಕಂಡಿದ್ದು

ಸಾವಯವ ಮೇಲಾ, ರಸಗೊಬ್ಬರ ಮೇಲಾ ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಮನೇಲಿ ದನ ಎಷ್ಟಿವೆ?

ತುಮಕೂರು ಕಡೆಯ ನಮ್ಮ ಕೆಂಪು ಮಣ್ಣಿನ ಹೊಲದಲ್ಲಿ ಎರಡೂ ಪದ್ಧತಿಯಲ್ಲಿ ಅಕ್ಕಪಕ್ಕವೇ ರಾಗಿ ಬೆಳೆಯುತ್ತಿದ್ದೇನೆ. ನಡುವೆ ಒಂದು ಬದು, ಅಷ್ಟೇ. ಎರಡಕ್ಕೂ ಜಿಪಿಯು-28 ತಳಿ, ಒಂದೇ ಹದದಲ್ಲಿ ಬಿತ್ತನೆ. ಬೀಜ, ಮಳೆ ಬೇರೆಯಾದರೆ ಹೋಲಿಸಿ ಏನು ಪ್ರಯೋಜನ, ಅಲ್ವಾ?

ರಸಗೊಬ್ಬರದ ತಾಕಿನ ಕೆಲಸ ಸಲೀಸು. ಬಿತ್ತುವಾಗ ಡಿಎಪಿ, ಪೊಟ್ಯಾಷ್. ತಿಂಗಳಾಗುವ ಹೊತ್ತಿಗೆ ಮಳೆ ನೋಡಿಕೊಂಡು ಯೂರಿಯಾ.

ಸಾವಯವದಲ್ಲಿ ಲೆಕ್ಕ ಬೇರೆ. ಮಳೆ ನಂಬಿದ ರಾಗಿಗೆ ಎಕರೆಗೆ ಸುಮಾರು 20 ಕೆಜಿ ಸಾರಜನಕ ಬೇಕು. 45 ಕೆಜಿಯ ಒಂದು ಮೂಟೆ ಯೂರಿಯಾದಲ್ಲಿ ಅಷ್ಟೂ ಇದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರ ಆಸುಪಾಸು. ಅಂದರೆ 4 ಟನ್ ಗೊಬ್ಬರ ಹೊಡೆಯಬೇಕು. ಅದೂ ಮೊದಲ ವರ್ಷವೇ ಪೂರ್ತಿ ಪೈರಿಗೆ ದಕ್ಕುವುದಿಲ್ಲ. ಜೀವಾಮೃತ ಒಂದಿದ್ದರೆ ಸಾಕು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 200 ಲೀಟರ್ ನೀರಿಗೆ ಹಾಕುವ 10 ಕೆಜಿ ಸಗಣಿ, ಗಂಜಲ, ಬೆಲ್ಲ, ಕಾಳಿನ ಹಿಟ್ಟಿನಲ್ಲಿ ಎಷ್ಟು ಸಾರಜನಕ ಇದ್ದೀತು? ನಾನೂ ಜೀವಾಮೃತ ಕೊಡುತ್ತೇನೆ, ಆದರೆ ತಿಪ್ಪೆ ಗೊಬ್ಬರದ ಜೊತೆಗೆ. ಮುಂಗಾರಿನ ಮೊದಲ ಮಳೆಗೆ ಹಸಿರೆಲೆ ಗೊಬ್ಬರಕ್ಕೆಂದು ಅಪ್ಸೆಣಬು ಚೆಲ್ಲಿ, ಹೂ ಬರುವಾಗ ಉತ್ತು ಮಣ್ಣಿಗೆ ಸೇರಿಸುತ್ತೇನೆ.

ಮೊದಲ ವರ್ಷಗಳಲ್ಲಿ ಸಾವಯವ ತಾಕಿನ ರಾಗಿ ಸುಮಾರು ಮೂರನೇ ಒಂದು ಪಾಲು ಕಡಿಮೆ ಬಂತು. ಆಮೇಲೆ ಅಂತರ ಕಿರಿದಾಯಿತು. ಒಳ್ಳೆ ಮಳೆಯ ವರ್ಷ ಈಗಲೂ ರಸಗೊಬ್ಬರದ್ದೇ ಮುಂದೆ. ಆದರೆ ತೆನೆ ಕಟ್ಟುವಾಗ ಮಳೆ ಕೈಕೊಟ್ಟ ವರ್ಷ ಆ ಪೈರು ಬೇಗ ಬಾಡಿತು, ತಿಪ್ಪೆ ಗೊಬ್ಬರ ಉಂಡ ಮಣ್ಣಿನದ್ದು ಇನ್ನೂ ಕೆಲವು ದಿನ ತಡೆದುಕೊಂಡಿತು.

ಬರೀ ರಾಗಿಯನ್ನು ತೂಗಿ ತೀರ್ಪು ಕೊಡುವುದೂ ಸರಿಯಲ್ಲ. ರಸಗೊಬ್ಬರದ ತಾಕಿಗೆ ಕಳೆ ತೆಗೆಯುವ ಕೂಲಿ ಉಳಿಸಲು 2,4-ಡಿ ಎಂಬ ಕಳೆನಾಶಕ ಹೊಡೆಯುತ್ತೇನೆ. ಅದು ಅಗಲ ಎಲೆಯ ಗಿಡಗಳನ್ನೆಲ್ಲಾ ಸುಡುತ್ತದೆ. ಹಾಗಾಗಿ ಅಲ್ಲಿ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುವಿನ ಮಿಶ್ರಬೆಳೆ ಸಾಲಿನಲ್ಲಿ, ಅವರೆ, ತೊಗರಿ ಹಾಕುವಂತಿಲ್ಲ. ಸಾವಯವದ ಕಡೆ ಕುಂಟೆ ಹೊಡೆದು, ಉಳಿದದ್ದನ್ನು ಆಳಿಟ್ಟು ಕೀಳಿಸಬೇಕು. ಅದು ಭಾರೀ ಖರ್ಚು, ಸುಮ್ನೆ ಮುಚ್ಚಿಡಬಾರದು. ಪ್ರತಿಯಾಗಿ ಅವರೆ, ತೊಗರಿ ಮನೆಗೆ ಬರುತ್ತದೆ.

ಬೆಲೆಯಲ್ಲಿ ಮಾತ್ರ ನಮಗೆ ನ್ಯಾಯ ಸಿಕ್ಕಿಲ್ಲ. ಖರೀದಿ ಕೇಂದ್ರದಲ್ಲಿ ಎರಡೂ ರಾಗಿಗೆ ಒಂದೇ ಬೆಂಬಲ ಬೆಲೆ. 2024-25ರಲ್ಲಿ ಅದು ಕ್ವಿಂಟಲಿಗೆ 4,290 ರೂಪಾಯಿ. ಸಾವಯವಕ್ಕೆ ಜಾಸ್ತಿ ಬೆಲೆ ಬೇಕೆಂದರೆ ಪ್ರಮಾಣಪತ್ರ ಬೇಕು, ಅದಕ್ಕೆ ವರ್ಷಗಟ್ಟಲೆ ಕಾಯಬೇಕು, ಕೊಳ್ಳುವವರನ್ನೂ ನಾವೇ ಹುಡುಕಬೇಕು.

ದನ ಇರುವ ಮನೆಗೆ ಸಾವಯವ ರಾಗಿ ಧೈರ್ಯವಾಗಿ ಹೇಳುತ್ತೇನೆ. ಹುಲ್ಲು ದನಕ್ಕೆ, ಗೊಬ್ಬರ ಹೊಲಕ್ಕೆ. ಟ್ರ್ಯಾಕ್ಟರ್ ಲೋಡ್ ಲೆಕ್ಕದಲ್ಲಿ ಗೊಬ್ಬರ ಕೊಳ್ಳುವವರಿಗೆ ಇದು ಗಿಟ್ಟುವುದಿಲ್ಲ. ಅಂಥವರು ಸಿಕ್ಕಷ್ಟು ಗೊಬ್ಬರ ಹಾಕಿ, ಕೊರತೆಯಷ್ಟಕ್ಕೆ ಮಾತ್ರ ಯೂರಿಯಾ ಬಳಸಲಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಶಿಫಾರಸಿನಲ್ಲೂ ಎರಡೂ ಸೇರಿಯೇ ಇವೆ. ನನ್ನ ರಸಗೊಬ್ಬರದ ತಾಕಿಗೂ ಈ ಸಲ ಗೊಬ್ಬರ ಹೊಡೆಸಿ, ಯೂರಿಯಾ ಅರ್ಧಕ್ಕೆ ಇಳಿಸಿದ್ದೇನೆ.